ಶಕುನಶಾಸ್ತ್ರದಿಂದ ವೇಣೂರಿನ ಶಿಲೆಯವರೆಗೆ: ಶಾಸನತಜ್ಞ ಹುಲ್ಚ್ ಅವರ ಓದಿನ ದಾರಿ

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ, ಫಲ್ಗುಣಿ ನದಿಯ ದಂಡೆಯ ಮೇಲೆ ನಿಂತಿರುವ 35 ಅಡಿ ಎತ್ತರದ ಗೊಮ್ಮಟನನ್ನು ನೋಡಲು ಹೋದವರು ಸಾಮಾನ್ಯವಾಗಿ ಮೂರ್ತಿಯ ಮುಖವನ್ನು ನೋಡಿ, ಕೈಮುಗಿದು, ಪ್ರದಕ್ಷಿಣೆ ಮುಗಿಸಿ ಹಿಂದಿರುಗುತ್ತಾರೆ. ಮೂರ್ತಿಯ ಎರಡು ಪಾರ್ಶ್ವಗಳಲ್ಲಿ ಕೊರೆದಿರುವ ಅಕ್ಷರಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಒಂದು ಕಡೆ ಸಂಸ್ಕೃತ, ಇನ್ನೊಂದು ಕಡೆ ಕನ್ನಡ. ಯಾರು, ಯಾವಾಗ, ಯಾರ ಮಾತಿನಂತೆ ಈ ಬಿಂಬವನ್ನು ನಿಲ್ಲಿಸಿದರೆಂಬುದನ್ನು ಆ ಅಕ್ಷರಗಳು ಹೇಳುತ್ತವೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವನ್ನು ಓದಿ, ಅರ್ಥ ಬಿಡಿಸಿ, ವಿದ್ವತ್ ಲೋಕದ ಮುಂದಿಟ್ಟವರು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಹುಟ್ಟಿದ ಒಯ್ಗೆನ್ ಹುಲ್ಚ್. ದಕ್ಷಿಣ ಭಾರತದ ಶಾಸನಗಳನ್ನು ಅಭ್ಯಾಸ ಮಾಡುವವರೆಲ್ಲರಿಗೂ ಚಿರಪರಿಚಿತವಾದ ಹೆಸರಿದು. ಆದರೆ ಅವರು ಡಾಕ್ಟರ್ ಪದವಿಯನ್ನು ಪಡೆದದ್ದು ಶಾಸನಗಳ ಮೇಲಲ್ಲ, ಕನ್ನಡದ ಮೇಲಂತೂ ಅಲ್ಲ. ಹಕ್ಕಿಗಳ ಕೂಗನ್ನು ಕೇಳಿ ಭವಿಷ್ಯ ಹೇಳುವ ಒಂದು ಸಂಸ್ಕೃತ ಗ್ರಂಥದ ಮೇಲೆ.

ಹುಲ್ಚ್ ಹುಟ್ಟಿದ್ದು 1857ರ ಮಾರ್ಚ್ 29ರಂದು. ಅವರು ಯೌವನಕ್ಕೆ ಬರುವ ಹೊತ್ತಿಗೆ ಭಾರತದ ಭಾಷೆಗಳನ್ನು ವಿಶ್ವವಿದ್ಯಾಲಯದಲ್ಲಿ ಕಲಿಯುವುದು ಜರ್ಮನಿಯಲ್ಲಿ ವಿಚಿತ್ರವೆನಿಸುವ ಸಂಗತಿಯಾಗಿರಲಿಲ್ಲ. ಬಾನ್ ನಗರದಲ್ಲಿ 1818ರಷ್ಟು ಹಿಂದೆಯೇ ಭಾರತವಿದ್ಯೆಯ ಪೀಠ ಸ್ಥಾಪನೆಯಾಗಿತ್ತು. ಭಾರತದಲ್ಲಿ ಒಂದು ಗೇಣು ನೆಲವೂ ಇಲ್ಲದಿದ್ದ ಜರ್ಮನಿಯಲ್ಲಿ ಇಂಗ್ಲೆಂಡಿಗಿಂತ ಹೆಚ್ಚು ಸಂಸ್ಕೃತ ಪ್ರಾಧ್ಯಾಪಕರಿದ್ದರೆಂಬುದು ಆ ಶತಮಾನದ ಒಂದು ಸೋಜಿಗ. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗೆ ಸಂಸ್ಕೃತವು ಸೋದರಿ ಎಂಬುದು ಗೊತ್ತಾದ ಮೇಲೆ, ತಮ್ಮ ಭಾಷೆಗಳ ಬೇರನ್ನು ಹುಡುಕುವುದಕ್ಕಾಗಿ ಅವರು ಪಾಣಿನಿಯ ಬಾಗಿಲಿಗೆ ಬಂದಿದ್ದರು. ಲೈಪ್‌ಜಿಗ್ ವಿಶ್ವವಿದ್ಯಾಲಯ ಅಂಥ ಕೇಂದ್ರಗಳಲ್ಲಿ ಪ್ರಮುಖವಾದುದು. 1877ರಿಂದ ಅಲ್ಲಿ ಎರ್ನ್‌ಸ್ಟ್ ವಿಂಡಿಶ್ ಸಂಸ್ಕೃತದ ಪೀಠದಲ್ಲಿದ್ದರು.

ಲೈಪ್‌ಜಿಗ್‌ನಲ್ಲಿ ಹುಲ್ಚ್ ಆರಿಸಿಕೊಂಡ ವಿಷಯ ವಸಂತರಾಜನ ಶಕುನ ಗ್ರಂಥ. ಕಾಗೆ ಯಾವ ದಿಕ್ಕಿನಲ್ಲಿ ಕೂಗಿದರೆ ಏನು ಫಲ, ಪ್ರಯಾಣಕ್ಕೆ ಹೊರಟವನಿಗೆ ಎದುರಾಗುವ ಪ್ರಾಣಿ ಏನನ್ನು ಸೂಚಿಸುತ್ತದೆ ಎಂಬಂಥ ವಿಚಾರಗಳಿಗೆ ಮೀಸಲಾದ ಶಾಸ್ತ್ರವದು. ಅದರ ಹಸ್ತಪ್ರತಿಗಳನ್ನು ತಾಳೆನೋಡಿ, ಗ್ರಂಥದ ಸ್ವರೂಪವನ್ನು ಚರ್ಚಿಸಿ, ಪಠ್ಯದ ಮಾದರಿಗಳನ್ನು ಸಂಪಾದಿಸಿ ಅವರು 1879ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಆಗ ಅವರಿಗೆ 22 ವರ್ಷ. ನಮ್ಮ ಹಳ್ಳಿಗಳಲ್ಲಿ ಅಜ್ಜಿಯಂದಿರು ಲೆಕ್ಕವಿಲ್ಲದೆ ಹೇಳುತ್ತಿದ್ದ ಹಲ್ಲಿಯ, ಹಕ್ಕಿಯ ಶಕುನಗಳು ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಪದವಿಗೆ ದಾರಿಯಾದದ್ದು ಇಂದಿಗೂ ನಗು ತರಿಸಬಹುದು. ಆದರೆ ಆ ಪದವಿಯ ಹಿಂದಿದ್ದ ಶಿಸ್ತು ನಗುವಂಥದಲ್ಲ. ಒಂದೇ ಗ್ರಂಥದ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಯಾವ ಅಕ್ಷರ ಕವಿಯದು, ಯಾವುದು ಲಿಪಿಕಾರನ ಕೈತಪ್ಪು ಎಂದು ನಿರ್ಣಯಿಸುವ ಕಲೆಯನ್ನು ಅದು ಕಲಿಸುತ್ತಿತ್ತು. ಮುಂದೆ ಕಲ್ಲಿನ ಎದುರು ನಿಂತಾಗ ಹುಲ್ಚ್ ಅವರ ಕೈಹಿಡಿದದ್ದು ಆ ಶಿಸ್ತು.

ಅಲ್ಲಿಂದ ಅವರು ವಿಯೆನ್ನಾಕ್ಕೆ ಹೋದರು. ಮುಂಬಯಿ ಪ್ರಾಂತದಲ್ಲಿ ಹಲವು ವರ್ಷ ದುಡಿದು, ಜೈನ ಭಂಡಾರಗಳ ಹಸ್ತಪ್ರತಿಗಳನ್ನು ಹುಡುಕಿ ತೆಗೆದಿದ್ದ ಗೆಯಾರ್ಗ್ ಬ್ಯೂಲರ್ 1880ರಿಂದ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಹುಲ್ಚ್ 1882ರಿಂದ ಅಲ್ಲಿ ಪಾಠ ಹೇಳಿದರು. ಬೌಧಾಯನ ಧರ್ಮಶಾಸ್ತ್ರವನ್ನು ಸಂಪಾದಿಸಿ 1884ರಲ್ಲಿ ಹೊರತಂದರು. ಭಾರತವನ್ನು ಕಣ್ಣಾರೆ ಕಂಡದ್ದು ಅದರ ನಂತರವೇ. 1884-85ರಲ್ಲಿ ಉತ್ತರ ಭಾರತ ಮತ್ತು ಕಾಶ್ಮೀರಗಳನ್ನು ಸುತ್ತಿ ಹಸ್ತಪ್ರತಿಗಳನ್ನು ಸಂಗ್ರಹಿಸಿದರು. ಪದವಿಯಾಗಿ ಐದು ವರ್ಷಗಳ ನಂತರ ಪದವಿಯ ವಿಷಯವಾದ ದೇಶದ ದರ್ಶನ! ಅಂದಿನ ಯುರೋಪಿನ ಸಂಸ್ಕೃತ ಪಂಡಿತರಲ್ಲಿ ಇದು ವಿಶೇಷವೇನಲ್ಲ. ಭಾರತಕ್ಕೆ ಒಮ್ಮೆಯೂ ಬಾರದೆ ಭಾರತದ ಬಗ್ಗೆ ಜೀವಮಾನವಿಡೀ ಬರೆದವರು ಅವರಲ್ಲಿ ಹಲವರಿದ್ದರು.

1886ರಲ್ಲಿ ಮದ್ರಾಸ್ ಸರಕಾರ ಅವರನ್ನು ಶಾಸನತಜ್ಞರ ಹುದ್ದೆಗೆ ನೇಮಿಸಿತು. ಹುಲ್ಚ್ ಅವರ ನಿಜವಾದ ವಿದ್ಯಾರ್ಥಿದೆಸೆ ಇಲ್ಲಿಂದ ಆರಂಭವಾಯಿತು ಎಂದರೆ ಉತ್ಪ್ರೇಕ್ಷೆಯಾಗದು. ಮದ್ರಾಸ್ ಪ್ರಾಂತದಲ್ಲಿ ಸಂಸ್ಕೃತದಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ತಮಿಳು, ತೆಲುಗು, ಕನ್ನಡ ಶಾಸನಗಳಿದ್ದವು. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಈ ಭಾಷೆಗಳಿಗೆ ಸಂಸ್ಕೃತಕ್ಕಿದ್ದಂಥ ಪೀಠಗಳಿರಲಿಲ್ಲ. ಕನ್ನಡವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ ಜರ್ಮನರೆಂದರೆ ಬಾಸೆಲ್ ಮಿಷನ್ನಿನವರು. ಹೆರ್ಮನ್ ಮೊಗ್ಲಿಂಗ್ ಅವರಿಗೆ 1858ರಲ್ಲಿ, ಫರ್ಡಿನಾಂಡ್ ಕಿಟ್ಟೆಲ್ ಅವರಿಗೆ 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು ನಿಜ. ಆದರೆ ಅವು ಗೌರವಾರ್ಥವಾಗಿ ಕೊಟ್ಟವು. ಕನ್ನಡ ನಾಡಿನಲ್ಲಿ ದುಡಿದು ಮುಗಿಸಿದ ಕೆಲಸಕ್ಕೆ ಸಂದ ಮನ್ನಣೆ. ಟ್ಯೂಬಿಂಗೆನ್‌ನಲ್ಲಿ ಕುಳಿತು ಕನ್ನಡ ಕಲಿತು ಪಡೆದವಲ್ಲ.

1886ನೆಯ ಇಸವಿಯೇ ಒಂದು ಬಗೆಯಲ್ಲಿ ಗಮನಾರ್ಹ. ಅದೇ ವರ್ಷ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಹೊರಬಂತು. ಅದೇ ವರ್ಷ ಬೆಂಗಳೂರಿನಲ್ಲಿಯೇ ಹುಟ್ಟಿದ ಲೂಯಿಸ್ ರೈಸ್ ಅವರು ಕೊಡಗಿನ ಶಾಸನಗಳ ಸಂಪುಟವನ್ನು ಪ್ರಕಟಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಗೆ ನಾಂದಿ ಹಾಡಿದರು. ಧಾರವಾಡ, ಬೆಳಗಾವಿಗಳ ಕಡೆಯ ಶಾಸನಗಳನ್ನು ಫ್ಲೀಟ್ ಪ್ರಕಟಿಸುತ್ತ ಬಂದಿದ್ದರು. ಹೀಗೆ ಕನ್ನಡ ಶಾಸನಗಳು ಪ್ರಾಂತಕ್ಕೊಬ್ಬ ಪಂಡಿತನ ಪಾಲಿಗೆ ಹಂಚಿಹೋದವು: ಮೈಸೂರು ಮತ್ತು ಕೊಡಗು ರೈಸ್ ಅವರಿಗೆ, ಮುಂಬಯಿ ಕರ್ನಾಟಕ ಫ್ಲೀಟ್ ಅವರಿಗೆ. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಹುಲ್ಚ್ ಅವರ ಕಚೇರಿಗೆ ಬಂದವು. ಮೂಡುಬಿದಿರೆಯ ಕಲ್ಲನ್ನು ಓದಬೇಕಾದವನು ಮದ್ರಾಸಿನಿಂದ ಬರಬೇಕಾಗಿದ್ದುದು ಈ ಕಾರಣದಿಂದ.

ಕನ್ನಡ ನಾಡಿನ ಜೈನ ಪರಂಪರೆಯ ಪರಿಚಯ ಹುಲ್ಚ್ ಅವರಿಗೆ ಮೊದಲೇ ಆಗಿತ್ತು. 1890ರಲ್ಲಿ ಹೊರಬಂದ ದಕ್ಷಿಣ ಭಾರತ ಶಾಸನಗಳ ಮೊದಲ ಸಂಪುಟದಲ್ಲಿ ಮಾಮಲ್ಲಪುರ, ಕಾಂಚಿಗಳ ಜೊತೆಗೆ ಹಂಪಿಯ ಗಾಣಗಿತ್ತಿ ಬಸದಿಯ ದೀಪಸ್ತಂಭದ ಶಾಸನವನ್ನೂ ಅವರು ಸಂಪಾದಿಸಿ ಕೊಟ್ಟಿದ್ದರು. ಎರಡನೆಯ ಹರಿಹರನ ಮಂತ್ರಿಯಾಗಿದ್ದ ಜೈನ ದಂಡನಾಯಕ ಇರುಗಪ್ಪನ ಶಾಸನವದು. ಕಾಲ ಶಕ 1307. ಆಮೇಲಿನ ವರ್ಷಗಳನ್ನು ತಂಜಾವೂರಿನ ದೊಡ್ಡ ಗುಡಿಯ ಶಾಸನಗಳು ನುಂಗಿದವು. ಆ ಕಥೆ ತಮಿಳುನಾಡಿಗೆ ಸೇರಿದ್ದು, ಇಲ್ಲಿ ಬೇಡ.

ಇಲ್ಲಿ ಹೇಳಬೇಕಾದದ್ದು ಅವರ ಸಹಾಯಕರ ವಿಷಯ. ಹುಲ್ಚ್ ಅವರ ಕಚೇರಿಯಲ್ಲಿ ಇಬ್ಬರು ಭಾರತೀಯ ವಿದ್ವಾಂಸರು ಬೆಳೆದರು: ವಿ. ವೆಂಕಯ್ಯ ಮತ್ತು ಹೊಸಕೋಟೆ ಕೃಷ್ಣಶಾಸ್ತ್ರಿ. ಕಲ್ಲಿನಿಂದ ಅಕ್ಷರವನ್ನು ಕಾಗದಕ್ಕೆ ಇಳಿಸುವ ಕ್ರಮ ಇಂದಿಗೂ ಹೆಚ್ಚುಕಡಿಮೆ ಅದೇ. ಮೊದಲು ಕಲ್ಲಿನ ಮೇಲಿನ ಪಾಚಿಯನ್ನು, ಮಣ್ಣನ್ನು ಉಜ್ಜಿ ತೊಳೆಯಬೇಕು. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು ಬಡಿದು ಕಾಗದ ಅಕ್ಷರದ ಕುಳಿಯೊಳಗೆ ಇಳಿಯುವಂತೆ ಮಾಡಬೇಕು. ಮೇಲೆ ಮಸಿಯುಂಡೆಯನ್ನು ಒತ್ತಿದಾಗ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಈ ಪಡಿಯಚ್ಚುಗಳನ್ನು ಮೇಜಿನ ಮೇಲೆ ಹರಡಿ ಓದುವಾಗ ಯಾವುದು ನಾಡಿನ ನಾಣ್ಯದ ಹೆಸರು, ಯಾವುದು ಅಳತೆಯ ಹೆಸರು, ಯಾವುದು ಊರು, ಯಾವುದು ಬಳಿ ಎಂದು ಗುರುತಿಸಲು ಲೈಪ್‌ಜಿಗ್‌ನ ಪಾಠ ಸಾಲುವುದಿಲ್ಲ; ಈ ನೆಲದ ಭಾಷೆಯಲ್ಲಿ ಹುಟ್ಟಿ ಬೆಳೆದವರ ಕಿವಿ ಬೇಕು. ವೆಂಕಯ್ಯ ಮುಂದೆ ಸರಕಾರದ ಮುಖ್ಯ ಶಾಸನತಜ್ಞರಾಗಿ 1912ರಲ್ಲಿ ತೀರಿಕೊಂಡರು. ಅವರ ನಂತರ ಅದೇ ಪೀಠಕ್ಕೆ ಬಂದ ಕೃಷ್ಣಶಾಸ್ತ್ರಿಗಳು 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಪ್ರಕಟಿಸಿ ಹೆಸರಾದರು. ಹುಲ್ಚ್ ಅವರ ಹೆಸರಿನಲ್ಲಿ ಅಚ್ಚಾದ ಓದುಗಳಲ್ಲಿ ಇವರ ಪಾಲೆಷ್ಟು ಎಂಬುದನ್ನು ಅಳೆದು ಹೇಳುವುದು ಕಷ್ಟ. ಅದು ಸಣ್ಣದಲ್ಲ ಎಂಬುದಂತೂ ಶಾಸನದ ಕೆಲಸ ಬಲ್ಲವರಿಗೆ ತಿಳಿದದ್ದೇ.

ದಕ್ಷಿಣ ಕನ್ನಡದ ಶಾಸನಗಳ ಸರದಿ 1901ರಲ್ಲಿ ಬಂತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಆರು ವರ್ಷ ಮುಂಚಿನ ಮಾತಿದು. ಆ ವರ್ಷ ಹುಲ್ಚ್ ಅವರ ಇಲಾಖೆ ಮೂಡುಬಿದಿರೆ, ಕಾರ್ಕಳ, ವೇಣೂರುಗಳ ಶಾಸನಗಳ ಪಡಿಯಚ್ಚುಗಳನ್ನು ತೆಗೆಯಿತು.

ಈ ಸೀಮೆಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ನೇತ್ರಾವತಿಯ ದಂಡೆಯ ಬಂಟ್ವಾಳ ಹಳೆಯ ವ್ಯಾಪಾರದ ಪೇಟೆ. ಅಲ್ಲಿಂದ ಪೂರ್ವಕ್ಕೆ ಹೋದರೆ ಬೆಳ್ತಂಗಡಿ, ಮುಂದೆ ಚಾರ್ಮಾಡಿ ಘಾಟಿ. ಉತ್ತರಕ್ಕೆ ತಿರುಗಿದರೆ ಮೂಡುಬಿದಿರೆ. ಬಂಟ್ವಾಳದ ನಂದಾವರ ಮತ್ತು ಬೆಳ್ತಂಗಡಿಯ ಬಂಗಾಡಿ ಬಂಗರಸರ ನೆಲೆಗಳು. ವೇಣೂರು ಅಜಿಲರದು. ಮೂಡುಬಿದಿರೆಯಲ್ಲಿ ಚೌಟರ ಅರಮನೆ. ಈ ಜೈನ ಅರಸುಮನೆಗಳ ಆಡುಮಾತು ತುಳು. ಶಾಸನ ಬರೆಸಿದ್ದು ಕನ್ನಡದಲ್ಲಿ, ಕೆಲವೊಮ್ಮೆ ಸಂಸ್ಕೃತದಲ್ಲಿ. ಬಸದಿಯ ಆಗಮಗಳು ಪ್ರಾಕೃತದಲ್ಲಿ. ಪೇಟೆಗಿಳಿದರೆ ಕೊಂಕಣಿ ಮತ್ತು ಬ್ಯಾರಿ. ಹುಲ್ಚ್ ಅವರ ಇಲಾಖೆ ಈ ಕಡೆ ಬಂದಾಗ ಬಂಟ್ವಾಳದಲ್ಲಿ ಹುಟ್ಟಿದ್ದ ಪಂಜೆ ಮಂಗೇಶರಾಯರಿಗೆ ಇಪ್ಪತ್ತೇಳರ ಆಸುಪಾಸಿನ ವಯಸ್ಸು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಬರವಣಿಗೆಯಲ್ಲಿ ಕನ್ನಡ. ಕನ್ನಡದ ಮಕ್ಕಳಿಗೆ ಶಾಶ್ವತವಾದ ಹಾಡುಗಳನ್ನು ಕೊಟ್ಟ ಕವಿಯ ಬಾಳು ಇದು. ಒಂದು ಭಾಷೆ, ಒಂದು ಜನಾಂಗ, ಒಂದು ನಾಡು ಎಂಬ ಯುರೋಪಿನ ಲೆಕ್ಕಾಚಾರ ಇಂಥಲ್ಲಿ ಕೂಡಿಬರುವುದಿಲ್ಲ.

ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅಂದರೆ ತ್ರಿಭುವನ ತಿಲಕ ಚೂಡಾಮಣಿ ಚೈತ್ಯಾಲಯ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, 1430ರಲ್ಲಿ ನಿರ್ಮಾಣವಾದದ್ದು. ಅದರ ಮಂಟಪಗಳಲ್ಲಿರುವ ಶಾಸನಗಳ ಪಡಿಯಚ್ಚುಗಳು 1901ರ ಸಂಗ್ರಹದಲ್ಲಿ ಸೇರಿದವು. ಅದೇ ಊರಿನ ಸಿದ್ಧಾಂತ ಬಸದಿಯಲ್ಲಿ ಇನ್ನೊಂದು ನಿಧಿ ಇತ್ತು: ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ವ್ಯಾಖ್ಯಾನದ ತಾಳೆಗರಿ ಪ್ರತಿಗಳು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ತೆಗೆಯುವ ಕೆಲಸ ಮೊದಲಾಗಿ ದಶಕಗಳ ಕಾಲ ನಡೆಯಿತು, ಅಚ್ಚಾಗತೊಡಗಿದ್ದು 1939ರಲ್ಲಿ. ಜರ್ಮನಿಯ ರಿಚರ್ಡ್ ಪಿಶೆಲ್ ಅವರ ಪ್ರಾಕೃತ ವ್ಯಾಕರಣ, ಇಂದಿಗೂ ಆ ಕ್ಷೇತ್ರದ ಆಧಾರಗ್ರಂಥ, 1900ರಲ್ಲಿಯೇ ಮುಗಿದಿತ್ತು. ಪ್ರಾಕೃತವನ್ನು ಅರೆದು ಕುಡಿದ ಪಂಡಿತನ ಗ್ರಂಥಕ್ಕೆ ಪ್ರಾಕೃತದ ಅತಿ ಮುಖ್ಯವಾದ ಒಂದು ಆಕರವೇ ಒದಗಲಿಲ್ಲ. ಅದು ಮೂಡುಬಿದಿರೆಯ ಪೆಟ್ಟಿಗೆಯೊಳಗೆ, ಕನ್ನಡ ಅಕ್ಷರದಲ್ಲಿ ಮಲಗಿತ್ತು. ಮಠದವರು ಅದನ್ನು ಬಿಗಿಯಾಗಿ ಕಾದಿದ್ದರಿಂದ ವಿದ್ವತ್ತಿಗೆ ತಡವಾಯಿತೆಂದು ದೂರುವವರಿದ್ದಾರೆ. ಹಾಗೆ ಕಾಯದೇ ಇದ್ದಿದ್ದರೆ ಅದು ಇಷ್ಟು ಕಾಲ ಉಳಿಯುತ್ತಿತ್ತೇ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ವೇಣೂರಿಗೆ ಬರೋಣ. ಎಪಿಗ್ರಾಫಿಯಾ ಇಂಡಿಕಾದ 1902-03ರ ಏಳನೆಯ ಸಂಪುಟದಲ್ಲಿ ಹುಲ್ಚ್ ಅವರು ದಕ್ಷಿಣ ಭಾರತದ ಮೂರು ಜೈನ ಮಹಾಮೂರ್ತಿಗಳ ಶಾಸನಗಳನ್ನು ಕುರಿತು ಲೇಖನ ಬರೆದರು. ಶ್ರವಣಬೆಳಗೊಳ, ಕಾರ್ಕಳ ಮತ್ತು ವೇಣೂರು ಆ ಮೂರು. ಬೆಳಗೊಳದ ಗೊಮ್ಮಟನ ಕಾಲ ಬಳಿ ಕನ್ನಡ, ತಮಿಳು ಮತ್ತು ನಾಗರಿ ಲಿಪಿಯ ಮರಾಠಿ ಸಾಲುಗಳಿವೆ. ಮೂರ್ತಿ ಮಾಡಿಸಿದವನು ಚಾವುಂಡರಾಯ, ಸುತ್ತಾಲಯ ಕಟ್ಟಿಸಿದವನು ಗಂಗರಾಜ ಎಂಬುದು ಅವುಗಳ ಸಾರ. ಕಾರ್ಕಳದ ಮೂರ್ತಿಯನ್ನು ಭೈರವನ ಮಗ ವೀರಪಾಂಡ್ಯ 1432ರ ಫೆಬ್ರವರಿ 13ರ ಬುಧವಾರ, ಲಲಿತಕೀರ್ತಿ ಗುರುಗಳ ಉಪದೇಶದಂತೆ ನಿಲ್ಲಿಸಿದ. ವೇಣೂರಿನದು ಶಕ 1525, ಶೋಭಕೃತ್ ಸಂವತ್ಸರದ ಫಾಲ್ಗುಣ ಮಾಸದ ಗುರುವಾರ. ಕ್ರಿಸ್ತಶಕದ ಲೆಕ್ಕದಲ್ಲಿ 1604ರ ಮಾರ್ಚ್ 1. ಇಲ್ಲೊಂದು ಮಾತು ಹೇಳಬೇಕು. ಶಾಸನತಜ್ಞರು ಕೊಡುವ ಈ ತಾರೀಕುಗಳು ಹಳೆಯ ಜೂಲಿಯನ್ ಪಂಚಾಂಗದವು. ನಾವು ಈಗ ಬಳಸುವ ಕ್ಯಾಲೆಂಡರಿನಲ್ಲಿ ನೋಡಿದರೆ ವೇಣೂರಿನ ಪ್ರತಿಷ್ಠೆ 1604ರ ಮಾರ್ಚ್ 11ಕ್ಕೆ ಬರುತ್ತದೆ. ಎರಡರಲ್ಲೂ ವಾರ ಗುರುವಾರವೇ.

ವೇಣೂರಿನ ಶಾಸನಗಳ ಪ್ರಕಾರ ಈ ಬಿಂಬವನ್ನು ನಿಲ್ಲಿಸಿದವನು ಚಾಮುಂಡನ ವಂಶದವನೆಂದು ಹೇಳಿಕೊಳ್ಳುವ ತಿಮ್ಮರಾಜ. ಬೆಳಗೊಳದ ಚಾರುಕೀರ್ತಿ ಗುರುಗಳ ಮಾತಿನಂತೆ ನಿಲ್ಲಿಸಿದ. ಅವನು ರಾಣಿ ಪಾಂಡ್ಯಕದೇವಿಯ ಮಗ, ಪಾಂಡ್ಯನ ತಮ್ಮ, ರಾಯಕುವರನ ಅಳಿಯ. ಅಜಿಲ ಮನೆತನದ ಈ ಅರಸನನ್ನು ಜನ ವೀರ ತಿಮ್ಮಣ್ಣ ಅಜಿಲ ಎಂದು ನೆನೆಯುತ್ತಾರೆ. ಕಾರ್ಕಳದ ಅರಸನಿಗೆ ತನ್ನೂರಿನ ಮೂರ್ತಿಗೆ ಸಾಟಿಯಾಗಿ ಇನ್ನೊಂದು ಏಳುವುದು ಸಹನೆಯಾಗಲಿಲ್ಲ, ಅವನು ದಂಡೆತ್ತಿ ಬಂದಾಗ ಅಜಿಲನು ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟು ಕಾಪಾಡಿದ ಎಂಬ ಕಥೆ ಊರಿನಲ್ಲಿದೆ. ಕಲ್ಲಿನಲ್ಲಿ ಆ ಕಥೆ ಇಲ್ಲ.

ತಿಮ್ಮರಾಜನ ಪರಿಚಯದಲ್ಲಿ ಒಂದು ವಿಶೇಷವಿದೆ. ತಾಯಿಯ ಹೆಸರಿದೆ, ಅಣ್ಣನ ಹೆಸರಿದೆ, ಅಳಿಯತನದ ಸಂಬಂಧವಿದೆ. ವಂಶ ಹೇಳುವಾಗ ಬೇರೆಡೆಯ ರಾಜಶಾಸನಗಳಲ್ಲಿ ಮೊದಲ ಸಾಲಿನಲ್ಲಿ ಬರುವ ತಂದೆ ಇಲ್ಲಿ ಮುಖ್ಯನಲ್ಲ. ಸಂಸ್ಕೃತ ನಿಘಂಟಿನಲ್ಲಿ ಜಾಮಾತೃ ಎಂದರೆ ಮಗಳ ಗಂಡ. ಕನ್ನಡದ ಅಳಿಯ ಶಬ್ದಕ್ಕೆ ಮಗಳ ಗಂಡ ಎಂಬ ಅರ್ಥವೂ ಉಂಟು, ಅಕ್ಕತಂಗಿಯರ ಮಗ ಎಂಬ ಅರ್ಥವೂ ಉಂಟು. ತುಳುನಾಡಿನಲ್ಲಿ ಈ ಎರಡನೆಯ ಅರ್ಥ ಬರಿಯ ಶಬ್ದಾರ್ಥವಲ್ಲ. ಆಸ್ತಿ, ಪಟ್ಟ, ಮನೆತನದ ಹೆಸರು ಎಲ್ಲವೂ ಅದರ ಮೇಲೆ ನಿಂತಿದ್ದವು. ಅಳಿಯಸಂತಾನದ ಕಟ್ಟಿನಲ್ಲಿ ಮಾವನ ಪಟ್ಟ ಸೋದರಳಿಯನಿಗೆ ಇಳಿಯುತ್ತದೆ. ಬೌಧಾಯನ ಧರ್ಮಶಾಸ್ತ್ರವನ್ನು ಸಂಪಾದಿಸಿದ ಪಂಡಿತನೊಬ್ಬ, ತಂದೆಯಿಂದ ಮಗನಿಗೆ ಹರಿಯುವ ದಾಯವಿಭಾಗವನ್ನು ಅಕ್ಷರಶಃ ಬಲ್ಲವನು, ಆ ಶಾಸ್ತ್ರದ ಚೌಕಟ್ಟಿಗೆ ಹೊರಗಾದ ಈ ಸಂಬಂಧವನ್ನು ಸಂಸ್ಕೃತ ಶ್ಲೋಕದ ಒಳಗೇ ಎದುರುಗೊಳ್ಳಬೇಕಾಯಿತು. ತುಳುವರ ಮನೆಯಲ್ಲಿ ಹತ್ತು ವರ್ಷದ ಮಗುವಿಗೂ ಗೊತ್ತಿದ್ದ ಸಂಗತಿಯಿದು. ಗ್ರಂಥದಿಂದ ಬಂದವನು ಅದನ್ನು ಕಲ್ಲಿನಿಂದ ಕಲಿಯಬೇಕಿತ್ತು. ಹಾಗೆಂದು ಗ್ರಂಥದ ಓದು ನಿರರ್ಥಕವೆಂದಲ್ಲ. ಮನೆಯ ಮಗುವಿಗೆ ಅಳಿಯಸಂತಾನ ಗೊತ್ತಿತ್ತು, ಆದರೆ 1604ನೆಯ ಇಸವಿ ಗೊತ್ತಿರಲಿಲ್ಲ.

1903ರಲ್ಲಿ ಹುಲ್ಚ್ ಭಾರತವನ್ನು ಬಿಟ್ಟು ಜರ್ಮನಿಗೆ ಮರಳಿದರು. ಬರ್ಲಿನ್ನಿಗೆ ಹೋಗಿದ್ದ ಪಿಶೆಲ್ ಅವರಿಂದ ತೆರವಾದ ಹಾಲೆ ವಿಶ್ವವಿದ್ಯಾಲಯದ ಸಂಸ್ಕೃತ ಪೀಠ ಅವರಿಗೆ ಒದಗಿತು. ಹದಿನೇಳು ವರ್ಷಗಳ ದಕ್ಷಿಣ ಭಾರತದ ಅನುಭವ ಅಲ್ಲಿ ವ್ಯರ್ಥವಾಗಬಹುದಿತ್ತು. ಪಾಠ ಹೇಳಬೇಕಾದದ್ದು ಸಂಸ್ಕೃತವನ್ನು ಮಾತ್ರ. ಆದರೆ ಅಲ್ಲಿಗೆ ಹೋದ ಮರುವರ್ಷವೇ ಅವರ ಕನ್ನಡ ಜ್ಞಾನಕ್ಕೆ ಎಲ್ಲರೂ ಬೆರಗಾಗುವಂಥ ಒಂದು ಕೆಲಸ ಸಿಕ್ಕಿತು.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರಿಗೆ ರಾಶಿರಾಶಿ ಪಪೈರಸ್ಹಾಳೆಗಳು ಸಿಕ್ಕಿದ್ದವು. 1903ರಲ್ಲಿ ಪ್ರಕಟವಾದ ಮೂರನೆಯ ಸಂಪುಟದಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ. ಹಾಳೆ ಕ್ರಿಸ್ತಶಕ ಎರಡನೆಯ ಶತಮಾನದ್ದು. ಖಾರಿಟಿಯನ್ ಎಂಬ ಗ್ರೀಕ್ ತರುಣಿ ಭಾರತದ ಕರಾವಳಿಯ ಒಂದು ದೇವಾಲಯದಲ್ಲಿ ಸಿಲುಕಿದ್ದಾಳೆ. ಅವಳನ್ನು ಬಲಿಕೊಡಲು ಅಲ್ಲಿನ ರಾಜ ಸಿದ್ಧನಾಗಿದ್ದಾನೆ. ಅಣ್ಣ ಹಡಗಿನಲ್ಲಿ ಬಂದು, ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ, ಅಮಲೇರಿದಾಗ ತಂಗಿಯನ್ನು ಬಿಡಿಸಿಕೊಂಡು ಪಾರಾಗುತ್ತಾನೆ. ನಡುವೆ ನಗಿಸಲು ಒಬ್ಬ ವಿದೂಷಕ. ಈ ನಾಟಕದ ಭಾರತೀಯ ಪಾತ್ರಗಳು ಗ್ರೀಕ್ ಲಿಪಿಯಲ್ಲಿ ಬರೆದ, ಗ್ರೀಕ್ ಅಲ್ಲದ ಮಾತುಗಳನ್ನಾಡುತ್ತವೆ. ಗ್ರೀಕ್ ಪಂಡಿತರಿಗೆ ಅದು ಅರ್ಥವಿಲ್ಲದ ಬಡಬಡಿಕೆಯಂತೆ ಕಂಡಿತು.

1904ರಲ್ಲಿ ಹುಲ್ಚ್ ಹೆರ್ಮೆಸ್ ಎಂಬ ಜರ್ಮನ್ ನಿಯತಕಾಲಿಕದಲ್ಲಿ ಪುಟ್ಟ ಲೇಖನವೊಂದನ್ನು ಬರೆದು, ಆ ಮಾತುಗಳಲ್ಲಿ ಕೆಲವು ಕನ್ನಡವೆಂದು ಸಾರಿದರು. ಬೇರೆ, ಕೊಂಚ, ಮಧು, ಪಾತ್ರಕ್ಕೆ ಎಂಬ ಶಬ್ದಗಳು ಅವರ ಕಿವಿಗೆ ಬಿದ್ದವು. ಸನ್ನಿವೇಶ ಮದ್ಯ ಕುಡಿಯುವುದು. ಶಬ್ದಗಳೂ ಅದಕ್ಕೆ ಹೊಂದುತ್ತವೆ. ಇದನ್ನು ಕಂಡುಹಿಡಿಯಲು ಗ್ರೀಕ್ ಓದಬಲ್ಲವನಾಗಿರಬೇಕು, ಜೊತೆಗೆ ಕನ್ನಡದ ವಿಭಕ್ತಿಪ್ರತ್ಯಯ ಕಿವಿಗೆ ಹತ್ತುವಂತಿರಬೇಕು. ಅಂದಿನ ಯುರೋಪಿನಲ್ಲಿ ಅಂಥವರನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತಿದ್ದವು.

ಈ ವಾದ ಕನ್ನಡ ನಾಡಿನಲ್ಲಿ ಉತ್ಸಾಹದ ಅಲೆಯನ್ನೇ ಎಬ್ಬಿಸಿತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಅದರ ಬಗ್ಗೆ ಬರೆದರು. ನಾಟಕದ ಕರಾವಳಿ ಉಡುಪಿ-ಮಲ್ಪೆಗಳ ಸುತ್ತಲಿನದಿರಬೇಕೆಂಬ ಊಹೆ ಹುಟ್ಟಿತು. ಎಲ್ಲರೂ ಒಪ್ಪಲಿಲ್ಲ. ಬ್ರಿಟಿಷ್ ಮ್ಯೂಸಿಯಂನ ಎಲ್.ಡಿ. ಬಾರ್ನೆಟ್ 1926ರಲ್ಲಿ, ಇವು ಕನ್ನಡವೆಂಬುದು ಸಿದ್ಧವಾಗಿಲ್ಲವೆಂದು ವಾದಿಸಿದರು. ಒಂದು ತೊಡಕು ಸಾಮಾನ್ಯ ಓದುಗರಿಗೂ ಹೊಳೆಯುವಂಥದು: ಕನ್ನಡದ ಹಳೆಯ ಶಾಸನವೆಂದು ಪ್ರಸಿದ್ಧವಾದ ಹಲ್ಮಿಡಿಯದು ಐದನೆಯ ಶತಮಾನದ್ದು, ಅದರ ಭಾಷೆ ಇಂದಿನದಕ್ಕಿಂತ ತೀರ ಬೇರೆ. ಅದಕ್ಕೂ ಮೂರು ಶತಮಾನ ಹಿಂದಿನ ಮಾತು ಇಂದಿನ ಕನ್ನಡದ ಹಾಗೆ ಕೇಳಿಸಿದರೆ ಸಂತೋಷಕ್ಕಿಂತ ಮೊದಲು ಸಂಶಯ ಹುಟ್ಟಬೇಕು. ಎಂಬತ್ತರ ದಶಕದಿಂದೀಚೆಗೆ ಶಿವಪ್ರಸಾದ್ ರೈ ಮತ್ತು ತುಳು ನಿಘಂಟಿನ ಸಂಪಾದಕರಾದ ಯು.ಪಿ. ಉಪಾಧ್ಯಾಯ ಅವರು ಆ ಮಾತುಗಳು ಕನ್ನಡವಲ್ಲ, ತುಳುವೆಂದು ಪ್ರತಿಪಾದಿಸಿದರು. ಲಿಪಿಕಾರ ಗ್ರೀಕ್, ಕೇಳಿಸಿಕೊಂಡದ್ದು ಪರಭಾಷೆ, ಹಾಳೆ ಹರಿದದ್ದು. ಹೀಗಿರುವಾಗ ವಿವಾದ ಸುಲಭವಾಗಿ ಮುಗಿಯುವಂಥದಲ್ಲ. ಹುಲ್ಚ್ ಮಾಡಿದ ನಿಜವಾದ ಕೆಲಸ ಬೇರೆ. ಬಡಬಡಿಕೆ ಎಂದು ಬದಿಗೆ ಸರಿಸಿದ್ದನ್ನು ಒಂದು ಭಾಷೆಯಾಗಿ ಕೇಳಬೇಕೆಂದು ಅವರು ಒತ್ತಾಯಿಸಿದರು. ಆಮೇಲಿನ ಜಗಳವೆಲ್ಲ ಯಾವ ಭಾಷೆ ಎಂಬುದರ ಬಗ್ಗೆ.

ಹಾಲೆಯಲ್ಲಿ ಅವರು ಮೇಘದೂತಕ್ಕೆ ವಲ್ಲಭದೇವನ ವ್ಯಾಖ್ಯಾನವನ್ನು ಸಂಪಾದಿಸಿದರು, ಪ್ರಾಕೃತ ವ್ಯಾಕರಣವೊಂದನ್ನು ಹೊರತಂದರು, ಮಾಘನ ಶಿಶುಪಾಲವಧವನ್ನು ಜರ್ಮನ್ ಭಾಷೆಗೆ ತಂದರು. ಎಲ್ಲಕ್ಕಿಂತ ದೊಡ್ಡದು 1925ರಲ್ಲಿ ಪ್ರಕಟವಾದ ಅಶೋಕನ ಶಾಸನಗಳ ಹೊಸ ಆವೃತ್ತಿ. ಅದರಲ್ಲಿ ರೈಸ್ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳಿವೆ. ತಮ್ಮ ಹಳೆಯ ಸಹಾಯಕ ಕೃಷ್ಣಶಾಸ್ತ್ರಿಗಳು ಮೊದಲು ಪ್ರಕಟಿಸಿದ, ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನವೂ ಇದೆ. ಒಂದು ಕಾಲಕ್ಕೆ ಶಿಷ್ಯನಾಗಿದ್ದವನ ಓದಿನ ಮೇಲೆ ಗುರು ತನ್ನ ಗ್ರಂಥವನ್ನು ಕಟ್ಟುವುದು ವಿದ್ವತ್ ಪ್ರಪಂಚದಲ್ಲಿ ಅಪರೂಪವೇನಲ್ಲ. ಆದರೆ 1925ರಲ್ಲಿ ಅದು ಯುರೋಪು ಮತ್ತು ಭಾರತಗಳ ನಡುವೆ ನಡೆದದ್ದು ಗಮನಿಸಬೇಕಾದದ್ದು.

ಹುಲ್ಚ್ 1927ರ ಜನವರಿ 16ರಂದು ಹಾಲೆಯಲ್ಲಿ ತೀರಿಕೊಂಡರು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು, ಕುವೆಂಪು ಅದರ ಮೊದಲ ತಂಡದ ವಿದ್ಯಾರ್ಥಿ. ಲೈಪ್‌ಜಿಗ್‌ನಲ್ಲಿ ಸಂಸ್ಕೃತದ ಶಕುನಗ್ರಂಥಕ್ಕೆ ಡಾಕ್ಟರೇಟ್ ಸಿಕ್ಕಿ 48 ವರ್ಷಗಳಾದ ಮೇಲೆ ಕನ್ನಡಿಗನೊಬ್ಬ ಕನ್ನಡ ನಾಡಿನಲ್ಲಿ ಕನ್ನಡವನ್ನು ಎಂ.ಎ.ಗೆ ಓದುವಂತಾಯಿತು. ತುಳುವಿಗೆ ಇನ್ನೂ ತಡ: ಮಂಗಳೂರು ವಿಶ್ವವಿದ್ಯಾಲಯದಲ್ಲಿ ತುಳು ಎಂ.ಎ. ಆರಂಭವಾದದ್ದು 2018ರಲ್ಲಿ.

1901ರಲ್ಲಿ ಸಂಗ್ರಹಿಸಿದ ಮೂಡುಬಿದಿರೆ ಮತ್ತು ಸುತ್ತಲಿನ ಶಾಸನಗಳ ಪಾಠಗಳು ಒಟ್ಟಾಗಿ ಅಚ್ಚಾದದ್ದು ಹುಲ್ಚ್ ತೀರಿಕೊಂಡ ಐದು ವರ್ಷಗಳ ನಂತರ, 1932ರಲ್ಲಿ, ದಕ್ಷಿಣ ಭಾರತ ಶಾಸನಗಳ ಏಳನೆಯ ಸಂಪುಟದಲ್ಲಿ. ಅನುವಾದವಿಲ್ಲದ ಬರಿಯ ಪಾಠಗಳವು. ಅವನ್ನು ಅರ್ಥ ಮಾಡುವ ಹೊಣೆ ಈ ನೆಲದವರ ಮೇಲೆ ಬಿತ್ತು. ಬಿ.ಎ. ಸಾಲೆತೊರೆ, ಪಿ. ಗುರುರಾಜ ಭಟ್, ಕೆ.ವಿ. ರಮೇಶ್ ಅಂಥವರು ತುಳುನಾಡಿನ ಇತಿಹಾಸವನ್ನು ಕಟ್ಟಿದ್ದು ಇಂಥ ಆಕರಗಳಿಂದ. ರಮೇಶ್ ಅವರು ಎಂ.ಜೆ. ಶರ್ಮರೊಡನೆ 1978ರಲ್ಲಿ ಹೊರತಂದ ತುಳುನಾಡಿನ ಶಾಸನಗಳು ಎಂಬ ಗ್ರಂಥದೊಂದಿಗೆ ಈ ಕಲ್ಲುಗಳ ಓದು ಕನ್ನಡಕ್ಕೆ ಮರಳಿತು. ಹುಲ್ಚ್ ಒಮ್ಮೆ ನಡೆಸಿದ ಶಾಸನ ಇಲಾಖೆಯ ಕಚೇರಿ 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದು ನೆಲೆಸಿತು.

ಬೆಳ್ತಂಗಡಿ ತಾಲೂಕಿನಲ್ಲಿ ಈಗ ಗೊಮ್ಮಟರು ಇಬ್ಬರು. ಕಾರ್ಕಳದಲ್ಲಿ ಕೆತ್ತಿಸಿ ತಂದು ಧರ್ಮಸ್ಥಳದಲ್ಲಿ ನಿಲ್ಲಿಸಿದ 39 ಅಡಿಯ ಮೂರ್ತಿಗೆ 1982ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿಗೆ ಹುಲ್ಚ್ ಅವರ ಮೂರರ ಪಟ್ಟಿ ಹಳತಾಯಿತು. ವೇಣೂರಿನಲ್ಲಿ 2024ರ ಫೆಬ್ರವರಿಯ ಕೊನೆಯ ವಾರದಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಹಾಲು, ಎಳನೀರು, ಅರಸಿನ, ಚಂದನಗಳು ಮೂರ್ತಿಯ ಭುಜದಿಂದ ಇಳಿದು, ತಿಮ್ಮರಾಜನ ತಾಯಿಯ ಹೆಸರು ಕೊರೆದಿರುವ ಪಾರ್ಶ್ವಗಳನ್ನು ತೋಯಿಸಿ ಪೀಠಕ್ಕೆ ಹರಿದವು.